ರೆಟಿನಾಲ್ ವಾಹಕ ಪ್ರೋಟೀನು: ಅದರ ತಯಾರಿಕೆಯೂ ಪ್ರಾಮಾಣ್ಯವೂ

೧. ಪೀಠಿಕೆ

ನೀರಿನಲ್ಲಿ ಕರಗದ ವಸ್ತುವನ್ನು, ಬಹುಪಾಲು ನೀರೇ ಆಗಿರುವ ರಕ್ತದಲ್ಲಿ, ದೇಹದ ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ಸಾಗಿಸುವುದು ಹೇಗೆ? ಕೊಬ್ಬು, ಕೊಲೆಸ್ಟರಾಲ್ ಮತ್ತು ಕೊಬ್ಬಿನಲ್ಲಿ ಕರಗುವ ಅನ್ನಾಂಗಗಳು, ಇವೆಲ್ಲಕ್ಕೂ ಈ ಪ್ರಶ್ನೆ ಸಮಾನವಾದುದು. ಪ್ರಾಣಿದೇಹವು ಇದಕ್ಕೆ ಕಂಡುಕೊಂಡಿರುವ ಉಪಾಯವೇ ವಾಹಕ ಪ್ರೋಟೀನುಗಳು. ಹೊರಮೈಯಲ್ಲಿ ನೀರಿಗೆ ಒಗ್ಗುವ, ಒಳಮೈಯಲ್ಲಿ ಕೊಬ್ಬಿಗೆ ಒಗ್ಗುವ ಈ ಅಣುಗಳು ತಮ್ಮ ಹೊರೆಯನ್ನು ಒಳಗೆ ಅಡಗಿಸಿಕೊಂಡು ರಕ್ತದಲ್ಲಿ ಸಂಚರಿಸುತ್ತವೆ. ಇವುಗಳಲ್ಲಿ ಗಾತ್ರದಿಂದ ಚಿಕ್ಕದಾದರೂ ಬಹಳ ಚೆನ್ನಾಗಿ ಅಭ್ಯಸಿಸಲ್ಪಟ್ಟಿರುವುದು, 'ಎ' ಅನ್ನಾಂಗವನ್ನು ಹೊತ್ತು ತಿರುಗುವ ರೆಟಿನಾಲ್ ವಾಹಕ ಪ್ರೋಟೀನು. ಮುಂದೆ ಇದನ್ನು ಆರ್.ಬಿ.ಪಿ. ಎಂದು ಸಂಕ್ಷೇಪವಾಗಿ ಕರೆಯಲಾಗುವುದು.

ಮಾನವನ ಆರ್.ಬಿ.ಪಿ.ಯನ್ನು ಈಗ ಮಾನವ ರಕ್ತದಿಂದಲೇ ತೆಗೆಯಬೇಕಾಗಿಲ್ಲ. ಅದರ ಜೀನನ್ನು ಬ್ಯಾಕ್ಟೀರಿಯದೊಳಕ್ಕೆ ಸೇರಿಸಿ, ಬೇಕಾದಷ್ಟು ಪ್ರೋಟೀನನ್ನು ತಯಾರಿಸಬಹುದು. ಹೀಗೆ ತಯಾರಾದ ಪುನಸ್ಸಂಯೋಜಿತ ಪ್ರೋಟೀನು ಐವತ್ತು ಅಥವಾ ನೂರು ಮೈಕ್ರೊಗ್ರಾಮಿನ ಪುಟ್ಟ ಶೀಶೆಗಳಲ್ಲಿ, 'ಸಂಶೋಧನೆಗೆ ಮಾತ್ರ' ಎಂಬ ಒಕ್ಕಣೆಯೊಡನೆ ಪ್ರಯೋಗಶಾಲೆಗಳಿಗೆ ಬರುತ್ತದೆ. ಶೀಶೆಯ ಮೇಲೆ ಬರೆದಿರುವ ಹೆಸರು ಒಳಗಿರುವ ವಸ್ತುವಿಗೆ ಎಷ್ಟರ ಮಟ್ಟಿಗೆ ಸಲ್ಲುತ್ತದೆ, ಅದನ್ನು ಪರೀಕ್ಷಿಸುವ ಬಗೆ ಯಾವುದು, ಪರೀಕ್ಷಿಸದೆ ಬಳಸಿದರೆ ಆಗುವ ಕೇಡೇನು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

೨. ಪ್ರಶ್ನೆಯ ಹಿನ್ನೆಲೆ

ಇದು ಕೇವಲ ಪ್ರಯೋಗಶಾಲೆಯ ಮೇಜಿಗೆ ಸಂಬಂಧಿಸಿದ ಪ್ರಶ್ನೆಯಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂಥ ಬೆದ್ದಲು ಸೀಮೆಯ ತಾಲ್ಲೂಕುಗಳಲ್ಲಿ ಜನರ ಊಟಕ್ಕೆ ಆಧಾರವಾಗಿ ಬಂದಿರುವುದು ಜೋಳ, ಸಜ್ಜೆ, ನವಣೆಗಳು. ಹೊಟ್ಟೆ ತುಂಬಿಸುವುದರಲ್ಲಿ ಇವು ಯಾವ ಧಾನ್ಯಕ್ಕೂ ಕಡಿಮೆಯಲ್ಲ. ಆದರೆ ಬಿಳಿಜೋಳದಲ್ಲಿ 'ಎ' ಅನ್ನಾಂಗದ ಮೂಲವಸ್ತುವಾದ ಕ್ಯಾರೊಟೀನು ಇಲ್ಲವೆನ್ನುವಷ್ಟು ಸ್ವಲ್ಪ. ಆ ಕೊರತೆಯನ್ನು ತುಂಬತಕ್ಕವು ನುಗ್ಗೆಸೊಪ್ಪು, ಮೆಂತ್ಯ, ರಾಜಗಿರಿ ಮೊದಲಾದ ಪಲ್ಯಗಳು, ಪರಂಗಿಹಣ್ಣು, ಹಾಲು, ಬೆಣ್ಣೆ, ಮೊಟ್ಟೆಗಳು. ಸೊಪ್ಪಿನ ಕ್ಯಾರೊಟೀನು ಕರುಳಿನಲ್ಲಿ ಹೀರಲ್ಪಡಬೇಕಾದರೆ ಊಟದಲ್ಲಿ ಸ್ವಲ್ಪ ಕೊಬ್ಬೂ ಇರಬೇಕು. ರೊಟ್ಟಿಪಲ್ಯದ ಜೊತೆಗೆ ಶೇಂಗಾ ಚಟ್ನಿಯನ್ನೋ ಎಣ್ಣೆಯನ್ನೋ ಹಚ್ಚಿಕೊಳ್ಳುವ ರೂಢಿ ಈ ದೃಷ್ಟಿಯಿಂದ ಉಪಯುಕ್ತವಾದುದು. ಇವು ದೊರೆಯದ ಮನೆಯ ಮಗುವಿಗೆ ಮೊದಲು ಕಾಣಿಸಿಕೊಳ್ಳುವ ಲಕ್ಷಣ ಇರುಳುಗುರುಡು. ಕೊರತೆ ತೀವ್ರವಾದರೆ ಕಣ್ಣಿನ ಪಾರದರ್ಶಕ ಪಟಲವೇ ಕರಗಿ ಶಾಶ್ವತವಾದ ಕುರುಡು ಉಂಟಾಗಬಹುದು. ಸೋಂಕುಗಳನ್ನು ಎದುರಿಸುವ ಶಕ್ತಿಯೂ ಕುಗ್ಗುತ್ತದೆ.

ಈ ಕಾರಣದಿಂದ ಭಾರತ ಸರ್ಕಾರವು ೧೯೭೦ರಲ್ಲಿ ಮಕ್ಕಳಿಗೆ 'ಎ' ಅನ್ನಾಂಗವನ್ನು ದೊಡ್ಡ ಪ್ರಮಾಣದಲ್ಲಿ ಕುಡಿಸುವ ಯೋಜನೆಯನ್ನು ಆರಂಭಿಸಿತು. ಈಗಿನ ಕ್ರಮದಂತೆ ಒಂಬತ್ತನೆಯ ತಿಂಗಳಿನಲ್ಲಿ ಒಂದು ಲಕ್ಷ ಮಾನಗಳಷ್ಟು, ಅನಂತರ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಮಾನಗಳಷ್ಟು ಕೊಡಲಾಗುತ್ತದೆ. ಕೊರತೆಯು ಹಿಂದಿಗಿಂತ ತಗ್ಗಿರುವುದರಿಂದ ಇದನ್ನು ಎಲ್ಲ ಮಕ್ಕಳಿಗೂ ಕೊಡಬೇಕೆ, ಕೊರತೆಯಿರುವ ಕಡೆಗಳಲ್ಲಿ ಮಾತ್ರ ಕೊಟ್ಟರೆ ಸಾಕೆ ಎಂಬ ಚರ್ಚೆ ನಮ್ಮ ಪೋಷಣತಜ್ಞರಲ್ಲಿ ನಡೆದಿದೆ. ಚರ್ಚೆಯ ತೀರ್ಮಾನ ನಿಂತಿರುವುದು ಅಳತೆಯ ಮೇಲೆ. ೨೦೧೬–೧೮ರ ಸಮಗ್ರ ರಾಷ್ಟ್ರೀಯ ಪೋಷಣ ಸಮೀಕ್ಷೆಯ ಪ್ರಕಾರ, ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು ೧೮ ಮಂದಿಗೆ ಈ ಅನ್ನಾಂಗದ ಕೊರತೆಯಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ನೂರಕ್ಕೆ ೨೦ ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ ಸಮಸ್ಯೆಯೆಂದೂ, ೧೦ರಿಂದ ೧೯ರವರೆಗೆ ಇದ್ದರೆ ಮಧ್ಯಮ ಸಮಸ್ಯೆಯೆಂದೂ ಪರಿಗಣಿಸುತ್ತದೆ. ಹದಿನೆಂಟಕ್ಕೂ ಇಪ್ಪತ್ತಕ್ಕೂ ಇರುವ ಅಂತರ ಅತ್ಯಲ್ಪ. ಅಳತೆಯಲ್ಲಿನ ಸಣ್ಣ ದೋಷವೂ ಒಂದು ಪ್ರದೇಶವನ್ನು ಒಂದು ವರ್ಗದಿಂದ ಇನ್ನೊಂದು ವರ್ಗಕ್ಕೆ ದಾಟಿಸಬಲ್ಲದು.

ಆ ಸಮೀಕ್ಷೆಯಲ್ಲಿ ರೆಟಿನಾಲನ್ನೇ ನೇರವಾಗಿ ಅಳೆಯಲಾಗಿತ್ತು. ಆದರೆ ರೆಟಿನಾಲು ಬೆಳಕಿಗೂ ಬಿಸಿಗೂ ಬೇಗನೆ ಕೆಡುವ ವಸ್ತು. ಅದನ್ನು ಅಳೆಯುವ ಯಂತ್ರವೂ ಬೆಲೆಯುಳ್ಳದ್ದು. ಅದರ ವಾಹಕವು ಅಷ್ಟು ಬೇಗ ಕೆಡುವುದಿಲ್ಲ. ಬೆರಳ ತುದಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿದ ರಕ್ತದ ಚುಕ್ಕೆಯಿಂದಲೂ ಅದನ್ನು ಪ್ರತಿಕಾಯಗಳ ನೆರವಿನಿಂದ ಅಳೆಯಬಹುದು. ಒಂದು ವಾಹಕ ಅಣು ಒಂದೇ ರೆಟಿನಾಲ್ ಅಣುವನ್ನು ಹೊರುವುದರಿಂದ, ವಾಹಕದ ಲೆಕ್ಕದಿಂದ ಅನ್ನಾಂಗದ ಲೆಕ್ಕವನ್ನು ಬಹುಮಟ್ಟಿಗೆ ತಿಳಿಯಬಹುದಾಗಿದೆ. ಪ್ರಯೋಗಶಾಲೆ ದೂರವಿರುವ ಹಳ್ಳಿಗಳ ಸಮೀಕ್ಷೆಗೆ ಈ ವಿಧಾನ ಅನುಕೂಲವಾದುದು. ಆದರೆ ಪ್ರತಿಕಾಯದ ಪರೀಕ್ಷೆಗೆ ಒಂದು ಪ್ರಮಾಣವಸ್ತು ಬೇಕು. ಅನೇಕ ವೇಳೆ ಆ ಪ್ರಮಾಣವಸ್ತುವೇ ಮೇಲೆ ಹೇಳಿದ ಶೀಶೆಯಲ್ಲಿರುವ ಪುನಸ್ಸಂಯೋಜಿತ ಪ್ರೋಟೀನು.

೩. ಅಣುವಿನ ರಚನೆಯೂ ಕಾರ್ಯವೂ

ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಕನಾಯಿ, ರಾಜ್ ಮತ್ತು ಗುಡ್‌ಮನ್ ಎಂಬ ವಿಜ್ಞಾನಿಗಳು ೧೯೬೮ರಲ್ಲಿ ಆರ್.ಬಿ.ಪಿ.ಯನ್ನು ಮಾನವ ರಕ್ತದ್ರವದಿಂದ ಪ್ರತ್ಯೇಕಿಸಿ ವರ್ಣಿಸಿದರು. ಇದು ೧೮೩ ಅಮೈನೊ ಆಮ್ಲಗಳ ಒಂದೇ ಸರಪಣಿ. ಅಣುಭಾರ ಸುಮಾರು ೨೧,೦೦೦. ಸರಪಣಿಯ ಎಂಟು ಎಳೆಗಳು ಹೆಣೆದುಕೊಂಡು ಒಂದು ಪುಟ್ಟ ಪೀಪಾಯಿಯಂತಾಗಿವೆ. ರೆಟಿನಾಲಿನ ಉಂಗುರದ ಭಾಗ ಪೀಪಾಯಿಯ ತಳದ ಕಡೆಗೂ, ಹೈಡ್ರಾಕ್ಸಿಲ್ ಭಾಗ ಬಾಯಿಯ ಬಳಿಯಲ್ಲೂ ಇರುವಂತೆ ಅಣು ಒಳಗೆ ಕುಳಿತುಕೊಳ್ಳುತ್ತದೆ. ಈ ಆಕಾರವನ್ನು ಬಿಗಿಯಾಗಿ ಹಿಡಿದಿಡುವವು ಗಂಧಕದ ಪರಮಾಣುಗಳ ನಡುವಣ ಮೂರು ಬಂಧಗಳು. ೪ ಮತ್ತು ೧೬೦ನೆಯ, ೭೦ ಮತ್ತು ೧೭೪ನೆಯ, ೧೨೦ ಮತ್ತು ೧೨೯ನೆಯ ಸ್ಥಾನಗಳಲ್ಲಿರುವ ಸಿಸ್ಟೀನುಗಳನ್ನು ಇವು ಜೋಡಿಸುತ್ತವೆ. ಆರು ಸಿಸ್ಟೀನುಗಳನ್ನು ಎರಡೆರಡಾಗಿ ಜೋಡಿಸುವ ಬಗೆಗಳು ಒಟ್ಟು ಹದಿನೈದು. ಅವುಗಳಲ್ಲಿ ಸರಿಯಾದುದು ಒಂದೇ ಎಂಬುದನ್ನು ಇಲ್ಲಿ ನೆನಪಿನಲ್ಲಿಡತಕ್ಕದ್ದು.

ಆಹಾರದಿಂದ ಬಂದ ಅನ್ನಾಂಗ ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ. ಯಕೃತ್ತನ್ನು ಜೋಳ ತುಂಬಿದ ಹಗೇವಿಗೆ ಹೋಲಿಸಿದರೆ, ಆರ್.ಬಿ.ಪಿ.ಯು ಅಲ್ಲಿಂದ ಜೋಳವನ್ನು ಸಾಗಿಸುವ ಬಂಡಿ. ಈ ಬಂಡಿ ಸಾಮಾನ್ಯವಾಗಿ ಬರಿದಾಗಿ ಹೊರಡುವುದಿಲ್ಲ. ರೆಟಿನಾಲಿಲ್ಲದಿದ್ದರೆ ಪ್ರೋಟೀನು ಯಕೃತ್ತಿನ ಕೋಶಗಳಲ್ಲೇ ಕಾದು ನಿಲ್ಲುತ್ತದೆ. ಅನ್ನಾಂಗ ದೊರೆತ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಬಿಡುಗಡೆಯಾಗುತ್ತದೆ. ರಕ್ತದಲ್ಲಿ ಅದು ಟ್ರಾನ್ಸ್‌ಥೈರೆಟಿನ್ ಎಂಬ ದೊಡ್ಡ ಪ್ರೋಟೀನಿನ ಜೊತೆಗೂಡುತ್ತದೆ. ಹೀಗೆ ಜೊತೆಗೂಡದಿದ್ದರೆ ಅಷ್ಟು ಚಿಕ್ಕ ಅಣು ಮೂತ್ರಪಿಂಡದ ಸೋಸುಪಟಲದ ಮೂಲಕ ಸೋರಿಹೋಗುತ್ತಿತ್ತು. ಕಣ್ಣಿನ ಕೋಶಗಳು ಆರ್.ಬಿ.ಪಿ.ಯಿಂದ ಅನ್ನಾಂಗವನ್ನು ಇಳಿಸಿಕೊಳ್ಳುವ ಗ್ರಾಹಕವನ್ನು ಕ್ಯಾಲಿಫೋರ್ನಿಯದ ಸಂಶೋಧಕರು ೨೦೦೭ರಲ್ಲಿ ಗುರುತಿಸಿದರು.

ಹಗೇವಿನಲ್ಲಿ ಧಾನ್ಯವಿದ್ದೂ ಬಂಡಿಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಮಾನವರಲ್ಲಿಯೇ ಉದಾಹರಣೆಯಿದೆ. ಜರ್ಮನಿಯ ಇಬ್ಬರು ಸೋದರಿಯರ ವಿಷಯ ೧೯೯೯ರಲ್ಲಿ ಪ್ರಕಟವಾಯಿತು. ಅವರ ಆರ್.ಬಿ.ಪಿ. ಜೀನಿನಲ್ಲಿ ಎರಡು ದೋಷಗಳಿದ್ದು, ರಕ್ತದಲ್ಲಿ ರೆಟಿನಾಲ್ ಬಹಳ ಕೆಳಮಟ್ಟದಲ್ಲಿತ್ತು. ಅವರಿಗೆ ಇರುಳಿನಲ್ಲಿ ದೃಷ್ಟಿ ಮಂದವಾಗಿತ್ತು. ಆದರೆ ಉಳಿದಂತೆ ಅವರು ಆರೋಗ್ಯವಾಗಿದ್ದರು. ಊಟದ ಕೊಬ್ಬಿನ ಕಣಗಳೊಡನೆ ನೇರವಾಗಿ ಬರುವ ಅನ್ನಾಂಗದಿಂದ ಇತರ ಅಂಗಗಳು ತಮ್ಮ ಕೆಲಸವನ್ನು ಸಾಗಿಸಿಕೊಂಡರೂ, ಕಣ್ಣು ಮಾತ್ರ ವಿಶೇಷವಾಗಿ ಈ ವಾಹಕವನ್ನೇ ನಂಬಿದೆಯೆಂದು ಇದರಿಂದ ವ್ಯಕ್ತವಾಯಿತು.

೪. ಕರ್ನಾಟಕದಲ್ಲಿ ನಡೆದ ಸಂಬಂಧಪಟ್ಟ ಕೆಲಸ

ವಾಹಕ ಪ್ರೋಟೀನುಗಳ ಅಧ್ಯಯನಕ್ಕೆ ನಮ್ಮ ರಾಜ್ಯದಲ್ಲಿ ದೀರ್ಘವಾದ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಎಚ್. ಆರ್. ಕಾಮಾ, ಜಗನ್ನಾಥ ಗಂಗೂಲಿ ಮೊದಲಾದವರು 'ಎ' ಅನ್ನಾಂಗದ ವಿಷಯದಲ್ಲಿ ವಿಸ್ತಾರವಾಗಿ ಸಂಶೋಧನೆ ನಡೆಸಿದರು. ಅದೇ ವಿಭಾಗದ ಪೆರ್ಡೂರು ರಾಧಾಕಾಂತ ಅಡಿಗರು ಅನ್ನಾಂಗವಾಹಕ ಪ್ರೋಟೀನುಗಳನ್ನೇ ತಮ್ಮ ಮುಖ್ಯ ಕ್ಷೇತ್ರವನ್ನಾಗಿ ಮಾಡಿಕೊಂಡು, ಕೋಳಿಮೊಟ್ಟೆಯಲ್ಲಿರುವ ರೈಬೊಫ್ಲೇವಿನ್ ವಾಹಕವನ್ನೂ, ಗರ್ಭಾವಸ್ಥೆಯಲ್ಲಿ ಸಸ್ತನಿಗಳಲ್ಲಿ ಕಾಣಿಸಿಕೊಳ್ಳುವ ಅದರ ಬಳಗದ ಪ್ರೋಟೀನನ್ನೂ ಅಭ್ಯಸಿಸಿದರು. ಅವರಿಗೆ ೧೯೮೦ರಲ್ಲಿ ಭಟ್ನಾಗರ್ ಪ್ರಶಸ್ತಿ ಸಂದಿತು. ರೈಬೊಫ್ಲೇವಿನ್ ಕೊಬ್ಬಿನಲ್ಲಿ ಕರಗುವ ವಸ್ತುವಲ್ಲ. ಆದರೂ ತತ್ತ್ವ ಒಂದೇ. ಈ ವಾಹಕವನ್ನು ತಯಾರಿಸಲಾರದ ಕೋಳಿಗೆ ಎಷ್ಟೇ ರೈಬೊಫ್ಲೇವಿನ್ ತಿನ್ನಿಸಿದರೂ ಅದರ ಮೊಟ್ಟೆಯೊಳಗಿನ ಭ್ರೂಣ ಸುಮಾರು ಹದಿಮೂರನೆಯ ದಿನಕ್ಕೆ ಸಾಯುತ್ತದೆ. ಪೋಷಣೆಯೆಂದರೆ ಉಣ್ಣುವುದಷ್ಟೇ ಅಲ್ಲ, ಉಂಡದ್ದು ಸೇರಬೇಕಾದಲ್ಲಿಗೆ ಸೇರುವುದೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮೊಟ್ಟೆಯ ಬಿಳಿಯಂಥ ಸುಲಭ ಮೂಲವು ಮಾನವ ಪ್ರೋಟೀನಿಗೆ ಇಲ್ಲ. ಒಂದು ಲೀಟರ್ ರಕ್ತದ್ರವದಲ್ಲಿರುವ ಆರ್.ಬಿ.ಪಿ. ಸುಮಾರು ೪೦ ಮಿಲಿಗ್ರಾಂ. ಶುದ್ಧೀಕರಣದಲ್ಲಿ ಅದರ ಬಹುಭಾಗ ನಷ್ಟವಾಗುತ್ತದೆ. ರಕ್ತದಿಂದ ರೋಗಾಣುಗಳು ಬರುವ ಭಯವೂ ಉಂಟು. ಆದುದರಿಂದಲೇ ಪುನಸ್ಸಂಯೋಜನೆಯ ಮಾರ್ಗ ಅಗತ್ಯವಾಯಿತು.

೫. ತಯಾರಿಕೆಯ ಕ್ರಮ

ಮಾನವ ಯಕೃತ್ತಿನ ಸಂದೇಶವಾಹಕ ಆರ್.ಎನ್.ಎ.ಯಿಂದ ಪ್ರತಿರೂಪವಾಗಿ ಪಡೆದ ಡಿ.ಎನ್.ಎ.ಯನ್ನು ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿ.ಎನ್.ಎ.ಗೆ ಬೆಸೆದು, ಈ. ಕೋಲೈ ಬ್ಯಾಕ್ಟೀರಿಯದೊಳಕ್ಕೆ ಸೇರಿಸುತ್ತಾರೆ. ಮಾನವ ಕೋಶದಲ್ಲಿ ಈ ಪ್ರೋಟೀನು ಮೊದಲು ೨೦೧ ಅಮೈನೊ ಆಮ್ಲಗಳ ಸರಪಣಿಯಾಗಿ ಹುಟ್ಟಿ, ಕೋಶದ ಹೊರಗೆ ಹೋಗುವ ದಾರಿಯನ್ನು ಸೂಚಿಸುವ ಮೊದಲಿನ ೧೮ನ್ನು ಕಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯದ ಪಾಲಿಗೆ ಆ ಭಾಗವನ್ನು ಬಿಟ್ಟು ಉಳಿದುದನ್ನು ಮಾತ್ರ ಕೊಡುವುದು ವಾಡಿಕೆ. ಶುದ್ಧೀಕರಣದ ಅನುಕೂಲಕ್ಕಾಗಿ ಸರಪಣಿಯ ಒಂದು ತುದಿಗೆ ಆರು ಹಿಸ್ಟಿಡೀನುಗಳ ಬಾಲವನ್ನು ಸೇರಿಸುವುದೂ ಉಂಟು. ಈ ಬಾಲವು ನಿಕ್ಕಲ್ ಲೋಹಕ್ಕೆ ಅಂಟಿಕೊಳ್ಳುತ್ತದೆ.

ತೊಡಕು ಪ್ರಾರಂಭವಾಗುವುದು ಅನಂತರ. ಬ್ಯಾಕ್ಟೀರಿಯದ ಕೋಶರಸವು ಗಂಧಕಬಂಧಗಳು ಏರ್ಪಡಲು ಅನುಕೂಲವಾದ ಸ್ಥಳವಲ್ಲ. ಅಲ್ಲಿ ರೆಟಿನಾಲೂ ಇಲ್ಲ. ಆದಕಾರಣ ಸರಪಣಿಗಳು ಸರಿಯಾಗಿ ಮಡಚಿಕೊಳ್ಳದೆ, ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾದ ಕಣಗಳಾಗಿ ಕೂಡಿಬಿಡುತ್ತವೆ. ಈ ಕಣಗಳನ್ನು ಬೇರ್ಪಡಿಸಿ, ಗ್ವಾನಿಡೀನ್ ಹೈಡ್ರೊಕ್ಲೋರೈಡಿನ ಗಾಢದ್ರಾವಣದಲ್ಲಿ ಕರಗಿಸಿ, ತಪ್ಪು ಬಂಧಗಳನ್ನೆಲ್ಲ ಬಿಡಿಸಿ, ಸರಪಣಿಯನ್ನು ಪೂರ್ತಿಯಾಗಿ ಬಿಚ್ಚುತ್ತಾರೆ. ಆಮೇಲೆ ತಂಪಿನಲ್ಲಿ, ಮಂದವಾದ ಬೆಳಕಿನಲ್ಲಿ, ರೆಟಿನಾಲ್ ಬೆರೆಸಿದ ದ್ರಾವಣಕ್ಕೆ ಇದನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಮತ್ತೆ ಮಡಚಿಕೊಳ್ಳಲು ಬಿಡುತ್ತಾರೆ. ಬಂಧಗಳು ಕಟ್ಟಿಕೊಂಡು, ತಪ್ಪಿದ್ದರೆ ಬಿಚ್ಚಿ, ಪುನಃ ಕಟ್ಟಿಕೊಳ್ಳಲು ಅವಕಾಶವಾಗುವಂತೆ ಸಿಸ್ಟೀನು ಮತ್ತು ಸಿಸ್ಟಿನ್‌ಗಳ ಮಿಶ್ರಣವನ್ನೋ ಗ್ಲುಟಥಯೋನನ್ನೋ ಇಡುತ್ತಾರೆ. ಇಲ್ಲಿ ರೆಟಿನಾಲು ಬರಿಯ ಹೊರೆಯಲ್ಲ. ಅದು ಒಳಗೆ ಕುಳಿತಾಗ ಪೀಪಾಯಿಯ ಆಕಾರ ಸ್ಥಿರವಾಗುತ್ತದೆ. ಹಾಗಿದ್ದರೂ ಎಲ್ಲ ಅಣುಗಳೂ ಸರಿಯಾದ ರೂಪಕ್ಕೆ ಬರುವುದಿಲ್ಲ.

ಬೇರೆ ಕೋಶಗಳನ್ನು ಬಳಸಿ ಈ ತೊಡಕನ್ನು ಕಡಿಮೆ ಮಾಡಬಹುದು. ಪೀಕಿಯ ಎಂಬ ಯೀಸ್ಟು ಪ್ರೋಟೀನನ್ನು ಮಡಚಿ ಹೊರಕ್ಕೆ ಸ್ರವಿಸಬಲ್ಲದು. ಬೆಂಗಳೂರಿನ ಬಯೋಕಾನ್ ಕಂಪನಿಯು ೨೦೦೪ರಲ್ಲಿ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ತಯಾರಾದುದು ಇದೇ ಯೀಸ್ಟಿನಿಂದ. ಆರ್.ಬಿ.ಪಿ.ಯನ್ನೂ ಇದರಲ್ಲಿ ತಯಾರಿಸಲಾಗಿದೆ. ಆದರೆ ಶೀಶೆಯಲ್ಲಿರುವುದು ಯಾವ ಕೋಶದಿಂದ ಬಂದುದು ಎಂಬುದು ಮಾತ್ರದಿಂದ ಅದರ ಗುಣ ನಿಶ್ಚಯವಾಗುವುದಿಲ್ಲ. ಗುಣವನ್ನು ಪರೀಕ್ಷೆಯಿಂದಲೇ ಅರಿಯಬೇಕು.

೬. ಪ್ರಾಮಾಣ್ಯದ ಪರೀಕ್ಷೆಗಳು

ಪ್ರೋಟೀನನ್ನು ವಿದ್ಯುತ್ ಕ್ಷೇತ್ರದಲ್ಲಿ ಜೆಲ್ಲಿನ ಮೇಲೆ ಓಡಿಸಿದಾಗ ೨೧,೦೦೦ದ ಬಳಿಯಲ್ಲಿ ಒಂದೇ ಪಟ್ಟಿ ಕಂಡರೆ, 'ನೂರಕ್ಕೆ ೯೫ರಷ್ಟು ಶುದ್ಧ' ಎಂದು ಬರೆಯುವುದು ರೂಢಿ. ಈ ಪರೀಕ್ಷೆಯಲ್ಲಿ ಪ್ರೋಟೀನನ್ನು ಮೊದಲೇ ಬಿಚ್ಚಿಬಿಡುವುದರಿಂದ, ಸರಿಯಾಗಿ ಮಡಚಿದ ಅಣುವಿಗೂ ತಪ್ಪಾಗಿ ಮಡಚಿದ ಅಣುವಿಗೂ ಭೇದ ತೋರುವುದಿಲ್ಲ. ಬೇರೆ ಪ್ರೋಟೀನುಗಳು ಬೆರೆತಿಲ್ಲವೆಂಬುದನ್ನು ಮಾತ್ರ ಅದು ಹೇಳುತ್ತದೆ. ಇದು ವಾಹಕವಾಗಿ ಕೆಲಸ ಮಾಡಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಕೊಡುವ ಪರೀಕ್ಷೆಗಳು ಬೇರೆ.

ಮೊದಲನೆಯದು ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಮಾಡಬಹುದಾದುದು. ಪ್ರೋಟೀನು ೨೮೦ ನ್ಯಾನೊಮೀಟರಿನ ಅತಿನೇರಳೆ ಬೆಳಕನ್ನು ಹೀರುತ್ತದೆ. ಅದರೊಳಗೆ ಕುಳಿತ ರೆಟಿನಾಲು ೩೩೦ರ ಬಳಿಯ ಬೆಳಕನ್ನು ಹೀರುತ್ತದೆ. ಅಣುಗಳೆಲ್ಲವೂ ಹೊರೆ ಹೊತ್ತಿದ್ದರೆ ೩೩೦ರ ಬೆಲೆಯನ್ನು ೨೮೦ರ ಬೆಲೆಯಿಂದ ಭಾಗಿಸಿದಾಗ ಸುಮಾರು ಒಂದು ಬರುತ್ತದೆ. ಅರ್ಧ ಮಾತ್ರ ಬಂದರೆ, ಅಣುಗಳಲ್ಲಿ ಬಹುಪಾಲು ಬರಿದಾಗಿವೆಯೆಂದೋ ಕೆಟ್ಟಿವೆಯೆಂದೋ ಊಹಿಸಬೇಕಾಗುತ್ತದೆ. ಬಂಧನಕ್ಕೊಳಗಾಗದೆ ಉಳಿದ ರೆಟಿನಾಲನ್ನು ಮೊದಲೇ ಬೇರ್ಪಡಿಸದಿದ್ದರೆ ಈ ಲೆಕ್ಕ ಮೋಸಗೊಳಿಸುತ್ತದೆಂಬುದನ್ನು ಮರೆಯಬಾರದು.

ಎರಡನೆಯದು ಟ್ರಾನ್ಸ್‌ಥೈರೆಟಿನ್ನಿನೊಡನೆ ಕೂಡುವಿಕೆ. ಆರ್.ಬಿ.ಪಿ.ಯು ಅದರೊಡನೆ ಕೂಡುವುದು ರೆಟಿನಾಲು ಪ್ರವೇಶಿಸುವ ಬಾಯಿಯ ಸುತ್ತಣ ಭಾಗದಿಂದ. ಆ ಭಾಗ ಸರಿಯಾಗಿದ್ದರೆ ಮಾತ್ರ ಕೂಡುವಿಕೆ ಸಾಧ್ಯವಾದುದರಿಂದ, ಇದು ಆಕಾರದ ಒಳ್ಳೆಯ ಸಾಕ್ಷಿ. ಟ್ರಾನ್ಸ್‌ಥೈರೆಟಿನ್ನನ್ನು ಅಂಟಿಸಿದ ಸ್ತಂಭದ ಮೂಲಕ ದ್ರಾವಣವನ್ನು ಹರಿಸಿದರೆ ಸರಿಯಾದ ಅಣುಗಳು ಅಲ್ಲಿ ನಿಲ್ಲುತ್ತವೆ, ಕೆಟ್ಟವು ಹರಿದುಹೋಗುತ್ತವೆ. ಹೀಗೆ ಇದು ಪರೀಕ್ಷೆಯೂ ಹೌದು, ಶುದ್ಧೀಕರಣವೂ ಹೌದು.

ಮೂರನೆಯದು ಜೀವಕೋಶಗಳ ಮೇಲೋ ಪ್ರಾಣಿಗಳ ಮೇಲೋ ಪ್ರಯೋಗ ನಡೆಸುವವರಿಗೆ ಅವಶ್ಯವಾದುದು. ಈ. ಕೋಲೈಯ ಹೊರಗೋಡೆಯಲ್ಲಿ ಅಂತರ್ವಿಷವೆಂಬ ಕೊಬ್ಬುಳ್ಳ ವಸ್ತುವಿದೆ. ಅದರ ಲೇಶವೂ ಕೋಶಗಳಲ್ಲಿ ಉರಿಯೂತದ ಪ್ರತಿಕ್ರಿಯೆಯನ್ನು ಎಬ್ಬಿಸಬಲ್ಲದು. ಬಾಸ್ಟನ್ನಿನ ಸಂಶೋಧಕರು ೨೦೦೫ರಲ್ಲಿ, ಇಲಿಗಳಿಗೆ ಪುನಸ್ಸಂಯೋಜಿತ ಆರ್.ಬಿ.ಪಿ. ಚುಚ್ಚಿದಾಗ ಇನ್ಸುಲಿನ್ನಿನ ಪರಿಣಾಮ ಕುಂದುತ್ತದೆಂದು ತೋರಿಸಿದ ಮೇಲೆ, ಮಧುಮೇಹದ ಸಂಶೋಧನೆಯಲ್ಲಿಯೂ ಈ ಪ್ರೋಟೀನಿಗೆ ಬೇಡಿಕೆ ಬಂದಿತು. ಇಂಥ ಪ್ರಯೋಗಗಳಲ್ಲಿ ಕಂಡ ಪರಿಣಾಮ ವಾಹಕದ್ದೋ ಅದರೊಡನೆ ಬಂದ ಅಂತರ್ವಿಷದ್ದೋ ಎಂಬ ಸಂಶಯಕ್ಕೆ ಅವಕಾಶವಿರಬಾರದು. ಕೊಬ್ಬನ್ನು ಹಿಡಿಯುವುದೇ ಕಸುಬಾಗಿರುವ ಪ್ರೋಟೀನುಗಳ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು.

೭. ಅಳತೆಗೋಲಿನ ದೋಷ

ಈಗ ಸಮೀಕ್ಷೆಯ ಪ್ರಶ್ನೆಗೆ ಮರಳೋಣ. ರಕ್ತದಲ್ಲಿ ರೆಟಿನಾಲು ಲೀಟರಿಗೆ ೦.೭೦ ಮೈಕ್ರೊಮೋಲಿಗಿಂತ ಕಡಿಮೆಯಿದ್ದರೆ ಕೊರತೆಯೆಂದು ಗಣಿಸುವುದು ಸಾಮಾನ್ಯ ಪದ್ಧತಿ. ಅಣುಭಾರದಿಂದ ಲೆಕ್ಕ ಹಾಕಿದರೆ ಇಷ್ಟು ರೆಟಿನಾಲನ್ನು ಹೊರಲು ಲೀಟರಿಗೆ ಸುಮಾರು ೧೫ ಮಿಲಿಗ್ರಾಂ ಆರ್.ಬಿ.ಪಿ. ಬೇಕು. ಪ್ರಮಾಣವಸ್ತುವಿನ ಶೀಶೆಯಲ್ಲಿ ತೂಕಕ್ಕೆ ಸರಿಯಾಗಿ ಪ್ರೋಟೀನು ಇದ್ದು, ಆದರೆ ಅದರಲ್ಲಿ ನೂರಕ್ಕೆ ೭೦ ಅಣುಗಳು ಮಾತ್ರ ಸರಿಯಾಗಿ ಮಡಚಿವೆಯೆಂದೂ, ಪ್ರತಿಕಾಯವು ಅಂಥವನ್ನು ಮಾತ್ರ ಗುರುತಿಸುತ್ತದೆಯೆಂದೂ ಕಲ್ಪಿಸಿಕೊಳ್ಳೋಣ. ಆಗ ಮಗುವಿನ ರಕ್ತದಲ್ಲಿ ನಿಜವಾಗಿ ಇರುವುದು ೦.೬೩ ಆಗಿದ್ದರೆ, ಪರೀಕ್ಷೆ ೦.೯೦ ಎಂದು ಹೇಳುತ್ತದೆ. ಸೇರು ಕಿರಿದಾದರೆ ರಾಶಿ ಹಿರಿದಾಗಿ ಕಾಣುವುದು ಸಹಜ. ಕೊರತೆಯಿರುವ ಮಗು ಕೊರತೆಯಿಲ್ಲದವರ ಸಾಲಿಗೆ ಸೇರುತ್ತದೆ. ಸಾವಿರ ಮಕ್ಕಳನ್ನು ಪರೀಕ್ಷಿಸಿದರೂ ಈ ತಪ್ಪು ತಿದ್ದಿಕೊಳ್ಳುವುದಿಲ್ಲ. ಏಕೆಂದರೆ ಎಲ್ಲರನ್ನೂ ಅಳೆದುದು ಅದೇ ಸೇರಿನಿಂದ.

ಇದು ಕೇವಲ ಊಹೆಯ ಭಯವಲ್ಲ. ಇನ್ಸುಲಿನ್ ಪ್ರತಿರೋಧವುಳ್ಳವರ ರಕ್ತದಲ್ಲಿ ಆರ್.ಬಿ.ಪಿ.ಯನ್ನು ಅಳೆಯಲು ಬಳಸುತ್ತಿದ್ದ ಸಿದ್ಧ ಪರೀಕ್ಷಾಸಾಮಗ್ರಿಗಳನ್ನು ೨೦೦೭ರಲ್ಲಿ ಹೋಲಿಸಿ ನೋಡಿದಾಗ, ಅವು ಒಂದೇ ಬಗೆಯ ಉತ್ತರ ಕೊಡಲಿಲ್ಲ. ಪೂರ್ಣ ಸರಪಣಿಯ ಆರ್.ಬಿ.ಪಿ.ಯನ್ನು ಪ್ರಮಾಣವಾಗಿಟ್ಟುಕೊಂಡ ವೆಸ್ಟರ್ನ್ ಬ್ಲಾಟ್ ವಿಧಾನವೇ ಹೆಚ್ಚು ವಿಶ್ವಾಸಾರ್ಹವೆಂದು ಆ ಸಂಶೋಧಕರು ನಿರ್ಣಯಿಸಿದರು. ಅದಕ್ಕೆ ಮೊದಲು ಬೇರೆಬೇರೆ ಪ್ರಯೋಗಶಾಲೆಗಳಿಂದ ಬಂದಿದ್ದ ಪರಸ್ಪರ ವಿರುದ್ಧವಾದ ಫಲಿತಾಂಶಗಳಿಗೆ ಅಳತೆಯ ದೋಷವೂ ಒಂದು ಕಾರಣವಾಗಿದ್ದಿರಬಹುದು.

ಪ್ರಮಾಣವಸ್ತು ಸರಿಯಾಗಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದಲ್ಲ. ಜ್ವರ ಅಥವಾ ಸೋಂಕು ಇದ್ದಾಗ ಯಕೃತ್ತು ಈ ವಾಹಕದ ಬಿಡುಗಡೆಯನ್ನು ತಗ್ಗಿಸುತ್ತದೆ. ಆಹಾರದಲ್ಲಿ ಪ್ರೋಟೀನಿನ ತೀವ್ರ ಅಭಾವವಿದ್ದರೂ ವಾಹಕದ ತಯಾರಿಕೆ ಕುಗ್ಗುತ್ತದೆ. ಇಂಥ ಮಕ್ಕಳಲ್ಲಿ ಯಕೃತ್ತಿನ ಸಂಗ್ರಹ ಸಾಕಷ್ಟಿದ್ದರೂ ರಕ್ತದ ಅಳತೆ ಕಡಿಮೆ ತೋರುತ್ತದೆ. ಆದಕಾರಣ ಉರಿಯೂತವನ್ನು ಸೂಚಿಸುವ ಸಿ-ಪ್ರತಿಕ್ರಿಯಾ ಪ್ರೋಟೀನನ್ನೂ ಜೊತೆಯಲ್ಲಿಯೇ ಅಳೆದು ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತಾರೆ. ಇಲ್ಲಿ ತಪ್ಪು ಮೇಲಿನದಕ್ಕೆ ವಿರುದ್ಧವಾದ ದಿಕ್ಕಿನದು. ಎರಡು ತಪ್ಪುಗಳು ಒಂದನ್ನೊಂದು ಅಳಿಸಿಬಿಡುತ್ತವೆಂದು ನೆಚ್ಚಿ ಕೂಡುವುದು ವಿಜ್ಞಾನದ ಮಾರ್ಗವಲ್ಲ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಅಧ್ಯಾಪಕರೂ ವಿದ್ಯಾರ್ಥಿಗಳೂ ಗ್ರಹಿಸಬೇಕಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಪುನಸ್ಸಂಯೋಜಿತ ವಾಹಕವನ್ನು ತರಿಸಿದಾಗ ಸರಪಣಿ ಪೂರ್ಣವಾಗಿದೆಯೆ, ತುದಿಯಲ್ಲಿ ಬಾಲವಿದೆಯೆ ಎಂಬುದನ್ನು ಮೊದಲು ನೋಡಬೇಕು. ಅದು ಯಾವ ಕೋಶದಲ್ಲಿ ತಯಾರಾಯಿತು, ಮತ್ತೆ ಮಡಚಿದುದೋ ಎಂಬುದನ್ನು ಕೇಳಬೇಕು. ಹೊರೆಯ ಪ್ರಮಾಣವನ್ನು ಬೆಳಕಿನ ಹೀರಿಕೆಯಿಂದ ತಾವೇ ಅಳೆದು ಬರೆದಿಡಬೇಕು. ಸಾಧ್ಯವಾದಲ್ಲಿ ಟ್ರಾನ್ಸ್‌ಥೈರೆಟಿನ್ನಿನೊಡನೆ ಕೂಡುತ್ತದೆಯೆ ಎಂದು ಪರೀಕ್ಷಿಸಬೇಕು. ಕೋಶಗಳ ಮೇಲೆ ಬಳಸುವುದಾದರೆ ಅಂತರ್ವಿಷದ ಪರಿಮಾಣ ತಿಳಿದಿರಬೇಕು. ಶೀಶೆಯನ್ನು ಬೆಳಕಿನಿಂದ ಮರೆಮಾಡಿ ಶೀತದಲ್ಲಿಡಬೇಕು. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸದೆ ಸಣ್ಣ ಪಾಲುಗಳಾಗಿ ಹಂಚಿಡಬೇಕು.

ಇದು ಔಷಧವಲ್ಲ, ಮನುಷ್ಯರಿಗೆ ಕೊಡುವುದಕ್ಕಾಗಿ ತಯಾರಾದುದಲ್ಲ. ಕೊರತೆಯಿರುವ ಮಗುವಿಗೆ ಬೇಕಾದುದು ಸೊಪ್ಪು, ಹಾಲು, ಮೊಟ್ಟೆ, ವೈದ್ಯರು ಹೇಳಿದ ಪ್ರಮಾಣದ ಅನ್ನಾಂಗ. ಯಾವ ಊರಿನ ಯಾವ ಮಕ್ಕಳಿಗೆ ಅದು ಬೇಕು ಎಂದು ತಿಳಿಸುವುದಷ್ಟೇ ಈ ಶೀಶೆಯ ಕೆಲಸ. ಅಷ್ಟನ್ನು ಅದು ಸರಿಯಾಗಿ ಮಾಡಬೇಕಾದರೆ, ಹೆಸರಿನಿಂದ ಮಾತ್ರವಲ್ಲದೆ ಆಕಾರದಿಂದಲೂ ಹೊರೆಯಿಂದಲೂ ಅದು ಮಾನವ ಪ್ರೋಟೀನೇ ಆಗಿರಬೇಕು.